ಮೇಪಲ್ ಮರದ ಮೂರು ಪಂಚೆ

ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಆ ಬೀದಿಯ ಮನೆಗಳೆಲ್ಲ ವೇಷ ಕಟ್ಟಿಕೊಂಡು ನಿಂತಿದ್ದವು. ಎದುರು ಮನೆಯ ಹುಲ್ಲಿನ ಮೇಲೆ ಮಾಡಿನೆತ್ತರದ ಅಸ್ಥಿಪಂಜರ. ಅದರ ಪಕ್ಕದ ಮನೆಯವರು ಗಾಳಿ ತುಂಬುವ ಕಪ್ಪು ಬೆಕ್ಕೊಂದನ್ನು ತಂದಿದ್ದರು. ಹಗಲೆಲ್ಲ ಅದು ಒದ್ದೆ ಬಟ್ಟೆಯ ಹಾಗೆ ಮುದುಡಿ ಬಿದ್ದಿರುತ್ತಿತ್ತು. ಸಂಜೆ ಮೋಟಾರು ಹಾಕಿದ ಕೂಡಲೇ ಮೈಮುರಿದು ಏಳುತ್ತಿತ್ತು. ಮೂಲೆಮನೆಯ ವಿಜಿ ತನ್ನ ಗಿಡಗಳಿಗೆಲ್ಲ ಹತ್ತಿಯ ಜೇಡರಬಲೆ ಎಳೆದು, ಬಾಗಿಲಿಗೆ ಕಿರುಚುವ ಮಾಟಗಾತಿಯನ್ನು ತೂಗುಹಾಕಿದ್ದಳು. ಎಡಿಸನ್ ಎಂಬ ಊರಿನ ಆ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳು ನಮ್ಮ ಕಡೆಯವರವೇ. ಹ್ಯಾಲೋವೀನಿಗೆ ಕಟ್ಟಿದ್ದನ್ನು ಬಿಚ್ಚುವ ಮೊದಲೇ ದೀಪಾವಳಿಯ ಸರದೀಪ ಹಾಕುವುದು ಅಲ್ಲಿಯ ವಾಡಿಕೆ.

ಬರಿದಾಗಿದ್ದುದು ನಿರುಪಮಮ್ಮನವರ ಮನೆಯ ಮುಂಭಾಗವೊಂದೇ.

ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಿರುಪಮಮ್ಮನ ಯಜಮಾನರು ಪ್ರಾಣೇಶರಾಯರು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ವರ್ಷಾಬ್ದಿಕ ಆಗುವ ತನಕ ಮನೆಯಲ್ಲಿ ಹಬ್ಬವಿಲ್ಲ. ಯುಗಾದಿಗೆ ತೋರಣ ಕಟ್ಟಿರಲಿಲ್ಲ, ಗೌರಿಗೆ ಬಾಗಿನವಿರಲಿಲ್ಲ, ದಸರೆಗೆ ಗೊಂಬೆ ಕೂರಿಸಿರಲಿಲ್ಲ. ಇನ್ನು ಈ ಊರಿನ ಭೂತದ ಹಬ್ಬ ಯಾವ ಲೆಕ್ಕ?

ಅಂಚೆಪೆಟ್ಟಿಗೆಯ ಹತ್ತಿರ ಸಿಕ್ಕ ವಿಜಿ ಮಾತ್ರ ಕೇಳಿದಳು.

"ಆಂಟಿ, ಒಂದೆರಡು ಕುಂಬಳಕಾಯಿನಾದ್ರೂ ಮೆಟ್ಟಿಲ ಮೇಲೆ ಇಡಿ. ಮಗು ಇರೋ ಮನೆ. ಅನಿಕಾ ಬಾಯಿಬಿಟ್ಟು ಕೇಳಲ್ಲ, ಪಾಪ."

"ಅವಳೇ ಬೇಡ ಅಂದಳು ವಿಜಿ."

"ಬೇಡ ಅಂದಳಾ? ನಮ್ಮನೇವು ಆಗಸ್ಟ್‌ನಿಂದ ತಲೆ ತಿಂತಾ ಇವೆ. ಅಷ್ಟೊಂದು ಸುರಿದು ತಂದು ಹಾಕಿದ್ರೆ, ಸರ್ಕಸ್ ಥರ ಕಾಣತ್ತೆ ಮಮ್ಮೀ ಅಂತ ನನ್ನ ಮಗಳೇ ನಗ್ತಾಳೆ." ವಿಜಿ ತಾನೂ ನಕ್ಕಳು. "ಹೋದ ವರ್ಷ ಅಂಕಲ್ ಕಟ್ಟಿದ್ರಲ್ಲ ಮರಕ್ಕೆ, ಮೂರೇ ಮೂರು ದೆವ್ವ. ಕೆಲಸದಿಂದ ಬರ್ತಾ ನೋಡಿದೆ. ಕೈಯಿಂದ ಒಂದು ಡಾಲರ್ ಬಿಚ್ಚದೆ ಎಷ್ಟು ಕ್ಲಾಸಿಯಾಗಿತ್ತು ಗೊತ್ತಾ? ಫೋಟೋ ತೆಗೀಬೇಕು ಅಂತ ಮರುದಿನ ಬಂದ್ರೆ ಇರಲೇ ಇಲ್ಲ. ಯಾಕೆ ತೆಗೆದ್ರು?"

"ಗಾಳಿ," ಎಂದರು ನಿರುಪಮಮ್ಮ. "ಗಾಳಿ ಜೋರಾಗಿತ್ತು."

ಮನೆಯೊಳಗೆ ಬಂದು ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲೆ ಇಟ್ಟು ದೇವರ ಮುಂದೆ ಕುಳಿತರು. ದೇವರೆಂದರೆ ಅಡಿಗೆಮನೆಯ ಪಕ್ಕದ ಪುಟ್ಟ ಕೋಣೆಯಲ್ಲಿ, ಸಾಮಾನು ಇಡುವ ಕಪಾಟಿನಲ್ಲಿ ರಾಯರೇ ಹಲಗೆ ಹೊಡೆದು ಮಾಡಿದ್ದ ಗೂಡು. ಹೋದ ವರ್ಷದ ಆ ದಿನ ಗಾಳಿ ಇರಲಿಲ್ಲ. ಒಂದು ಎಲೆ ಅಲುಗಾಡದಂಥ ಸಂಜೆ ಅದು. ಹೀಗೆ ಒಂದು ಸುಳ್ಳು ಅವರ ಬಾಯಿಂದ ಎಷ್ಟು ಸಲೀಸಾಗಿ ಬಂದುಬಿಟ್ಟಿತು.

*

ಪ್ರಾಣೇಶರಾಯರು ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತಮೂರು ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದವರು. ಸಂಬಳ ಸಣ್ಣದು, ಕಣ್ಣು ದೊಡ್ಡದು. ಅಂಗಡಿಯಿಂದ ತಂದ ಅಲಂಕಾರ ಅವರಿಗೆ ರುಚಿಸುತ್ತಿರಲಿಲ್ಲ. ದಸರೆಯ ಗೊಂಬೆಗೆ ಟ್ರಂಕು, ಮಣೆ, ಹಳೇ ಪುಸ್ತಕದ ಕಟ್ಟು ಎಲ್ಲವನ್ನೂ ಒಟ್ಟಿ ಮೆಟ್ಟಿಲು ಮಾಡಿ, ಮೇಲೆ ತಮ್ಮ ಪಂಚೆಗಳನ್ನು ಗಂಜಿ ಹಾಕಿ ಹಾಸುತ್ತಿದ್ದರು. ಅಂಚು ಒಂದು ಗೆರೆ ಹಿಡಿದಂತೆ ಕೂರಬೇಕು. ಗೊಂಬೆ ಹೆಚ್ಚು ಇಟ್ಟರೆ ಬೈಯುತ್ತಿದ್ದರು. "ನೋಡೋ ಕಣ್ಣಿಗೆ ಓಡಾಡಕ್ಕೆ ಜಾಗ ಬಿಡು, ನಿರೂ. ಮೂರು ಇಟ್ರೆ ನೋಡ್ತಾರೆ, ಮೂವತ್ತು ಇಟ್ರೆ ಎಣಿಸ್ತಾರೆ" ಎನ್ನುತ್ತಿದ್ದರು.

ಮಗ ನೀರಜ್ ಇಲ್ಲಿಗೆ ಕರೆಸಿಕೊಂಡ ಮೇಲೂ ಆ ಚಾಳಿ ಬಿಡಲಿಲ್ಲ. ಮೊಮ್ಮಗಳು ಅನಿಕಾ ಹುಟ್ಟಿದ್ದೇ ಅವರಿಗೊಬ್ಬ ಶಿಷ್ಯೆ ಸಿಕ್ಕಿದಂತಾಯಿತು. ನೀರಜನೂ ಸೊಸೆ ನಂದಿತಾಳೂ ದಿನಾ ಬೆಳಿಗ್ಗೆ ರೈಲು ಹತ್ತಿ ಮ್ಯಾನ್‌ಹಟನ್ನಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಮಗು ಬೆಳೆದದ್ದು ತಾತನ ಬೆನ್ನ ಹಿಂದೆ, ಅಂಟು ಕತ್ತರಿ ಹಿಡಿದುಕೊಂಡು.

ಹೋದ ವರ್ಷ ವಿಜಯದಶಮಿ ಕಳೆದು, ಗೊಂಬೆ ಮಲಗಿಸಿ, ಮೆಟ್ಟಿಲಿನ ಬಟ್ಟೆಗಳನ್ನು ಒಗೆದಿದ್ದಾಗಿತ್ತು. ಅದರಲ್ಲಿ ಮೂರು ಪಂಚೆ ತೀರ ಸವೆದಿದ್ದವು. ಹ್ಯಾಲೋವೀನಿಗೆ ಏನಾದರೂ ಮಾಡೋಣವೆಂದು ಅನಿಕಾ ಎರಡು ವಾರದಿಂದ ಹಿಂದೆ ಬಿದ್ದಿದ್ದಳು. ಆ ಶುಕ್ರವಾರ ಮಧ್ಯಾಹ್ನ ರಾಯರು ನಿರುಪಮಮ್ಮನನ್ನು ದೇವಸ್ಥಾನದಲ್ಲಿ ಇಳಿಸಿ, ನಾಲ್ಕೂವರೆಗೆ ಬಂದು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಮನೆಗೆ ಹೋದರು. ಶಾಲೆಯಿಂದ ಮಗು ಬಂತು. ತಾತ ಮೊಮ್ಮಗಳು ಸೇರಿ ಅನ್ನದ ಗಂಜಿ ಕಾಯಿಸಿ ಪಂಚೆಗೆ ಹಚ್ಚಿದರು. ನ್ಯೂಸ್‌ಪೇಪರನ್ನು ಉಂಡೆ ಮಾಡಿ ತಲೆ ಕಟ್ಟಿದರು. ಕಣ್ಣು ಮೂಗು ಬರೆಯಲಿಲ್ಲ. ಅಂಗಳದ ಮೇಪಲ್ ಮರದ ಮೂರು ಕೊಂಬೆಗಳಿಗೆ ಮೂರು ಎತ್ತರದಲ್ಲಿ ಕಟ್ಟಿ, ಬುಡದಲ್ಲಿ ಒಂದು ಟಾರ್ಚನ್ನು ಮೇಲ್ಮುಖವಾಗಿ ನೆಟ್ಟರು. ಕೆಂಪೆಲೆಗಳ ನಡುವೆ ಆ ಮೂರು ಬಿಳುಪು ಗಾಳಿಯಲ್ಲಿ ತೇಲಿದಂತೆ ಕಾಣುತ್ತಿತ್ತು. ತಲೆಯ ಕೆಳಗೆ ನೆರಿಗೆ ಬಿದ್ದ ಪಂಚೆಯ ಸಣ್ಣ ಹಸಿರಂಚು ಕೂಡ ಅಂದವಾಗಿಯೇ ಇತ್ತು.

ಇದೆಲ್ಲ ನಿರುಪಮಮ್ಮನಿಗೆ ತಿಳಿದದ್ದು ಆಮೇಲೆ. ಆ ಹೊತ್ತಿನಲ್ಲಿ ಅವರು ದೇವಸ್ಥಾನದ ಚಪ್ಪಲಿ ಗೂಡಿನ ಪಕ್ಕದ ಬೆಂಚಿನ ಮೇಲೆ ಪ್ರಸಾದದ ಡಬ್ಬಿ ಹಿಡಿದು ಕುಳಿತಿದ್ದರು. ನಾಲ್ಕೂವರೆ ಆಯಿತು, ಐದಾಯಿತು. ಫೋನು ಹೊಡೆದರೆ ಎತ್ತುವವರಿಲ್ಲ. ಹೊರಗೆ ಹೋಗುವವರೆಲ್ಲ "ಆಂಟಿ, ಡ್ರಾಪ್ ಮಾಡ್ಲಾ?" ಎಂದು ಕೇಳುವುದು, ಇವರು "ಇಲ್ಲಮ್ಮ, ಬರ್ತಾರೆ" ಎನ್ನುವುದು. ಆರೇಳು ಜನರಿಗೆ ಹಾಗೆ ಹೇಳಿದ್ದಾಯಿತು. ಕೊನೆಗೆ ಐದೂ ಮುಕ್ಕಾಲಿಗೆ, ಗುರುತಿಲ್ಲದ ಹುಡುಗಿಯೊಬ್ಬಳು ಬಾಗಿಲು ಹಾಕುವ ಹೊತ್ತಾಯಿತೆಂದು ಕೈಹಿಡಿದು ಎಬ್ಬಿಸಿ ತನ್ನ ಕಾರಿನಲ್ಲಿ ಕರೆತಂದಳು. ಐವತ್ತು ವರ್ಷದ ಸಂಸಾರದಲ್ಲಿ ಎಲ್ಲಿಯೂ ಮರೆತು ಬಿಟ್ಟುಹೋಗದಿದ್ದ ಗಂಡ, ಬೆಂಚಿನ ಮೇಲೆ ತಮ್ಮನ್ನು ಛತ್ರಿಯ ಹಾಗೆ ಮರೆತಿದ್ದರು.

ಕಾರಿನಿಂದ ಇಳಿದಾಗ ದೀಪ ಹಚ್ಚುವ ಹೊತ್ತು. ರಾಯರು ಏಣಿಯ ಮೇಲೆ ಹಗ್ಗ ಹಿಡಿದು ನಿಂತಿದ್ದರು. ಕೆಳಗೆ ಅನಿಕಾ ಚಪ್ಪಾಳೆ ತಟ್ಟುತ್ತಿದ್ದಳು. ಹೆಂಡತಿಯನ್ನು ಕಂಡು ರಾಯರು, "ಅಯ್ಯೋ, ನಿರೂ" ಎಂದರಷ್ಟೇ.

ನಿರುಪಮಮ್ಮ ಮರದ ಕಡೆ ಕೈ ತೋರಿಸಿದರು. "ಹೆಣಕ್ಕೆ ಹೊದಿಸೋ ಬಿಳೀ ಬಟ್ಟೇನ ಮುಸ್ಸಂಜೆಯಲ್ಲಿ ಮನೆ ಮುಂದೆ ನೇತುಹಾಕಿದ್ದೀರಲ್ಲ. ಈ ಮನೇಲಿ ಯಾರ ಸಾವು ಬೇಕಾಗಿದೆ ನಿಮಗೆ?"

ರಾಯರು ಒಂದೊಂದಾಗಿ ಗಂಟು ಬಿಚ್ಚಿ ಮೂರನ್ನೂ ಇಳಿಸಿದರು. ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ, "ನೀನು ಹೇಳಿದ್ದೂ ಸರಿಯೇ. ನನಗೆ ಹೊಳೀಲಿಲ್ಲ" ಎಂದರು. ಡಿಸೆಂಬರಿನ ಮೊದಲ ವಾರ, ಸ್ನಾನ ಮುಗಿಸಿ ಸಂಧ್ಯಾವಂದನೆಗೆ ಕುಳಿತವರು ಗೋಡೆಗೆ ಒರಗಿದರು, ಮತ್ತೆ ಏಳಲಿಲ್ಲ.

ದೀಪ ಹಚ್ಚುವ ಹೊತ್ತಿನಲ್ಲಿ ಅಸ್ತು ದೇವತೆಗಳು ಸಂಚಾರ ಹೊರಟಿರುತ್ತಾರೆ, ಮನುಷ್ಯ ಆಡಿದ್ದು ಏನೇ ಇರಲಿ, ಕೇಳಿಸಿಕೊಂಡು "ಹಾಗೇ ಆಗಲಿ" ಅನ್ನುತ್ತಾರೆ ಎಂದು ನಿರುಪಮಮ್ಮನಿಗೆ ಅವರ ತಾಯಿ ಹೇಳಿದ್ದರು. ಇವರು ಅದನ್ನು ಮಗನಿಗೆ ಹೇಳಿದ್ದರು, ಮೊಮ್ಮಗಳಿಗೂ ಹೇಳಿದ್ದರು. ಮುಸ್ಸಂಜೆಯಲ್ಲಿ "ಸಾಯ್ತೀನಿ", "ಹಾಳಾಗಲಿ" ಎಂದವರ ಬಾಯಿ ಮುಚ್ಚಿಸಿದ್ದರು. ಎಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲ ತಾವೇ ಮರೆತರು.

ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಶೋಕಕ್ಕೆ ಬಂದವರೆಲ್ಲ ಕೈಹಿಡಿದು ಅತ್ತರು. ಸೊಸೆಯಂತೂ ಎಲ್ಲರ ಮುಂದೆ, "ಅಪ್ಪನ್ನ ಅಮ್ಮ ನೋಡಿಕೊಂಡ ಹಾಗೆ ಇನ್ಯಾರೂ ನೋಡಿಕೊಳ್ತಿರಲಿಲ್ಲ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನಿರುಪಮಮ್ಮ ತಲೆ ಬಗ್ಗಿಸುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡರು.

*

ಹ್ಯಾಲೋವೀನಿಗೆ ಎಂಟು ದಿನವಿತ್ತು. ಚಳಿ ಹಿಡಿದಿತ್ತು. ಉಣ್ಣೆಯ ಶಾಲುಗಳಿದ್ದ ನೀಲಿ ಸೂಟ್‌ಕೇಸನ್ನು ತೆಗೆಯೋಣವೆಂದು ನಿರುಪಮಮ್ಮ ಅನಿಕಾಳ ಕೋಣೆಗೆ ಹೋದರು. ಬೇಸಿಗೆಯಲ್ಲಿ ಅದನ್ನು ಅವಳ ಬಟ್ಟೆಗೂಡಿನ ತಳದಲ್ಲಿ ಇಡುವುದು ರೂಢಿ. ಎಳೆದರು. ಸೂಟ್‌ಕೇಸಿನ ಜಿಪ್ಪಿಗೆ ಒಂದು ಪುಟ್ಟ ಬೀಗ. ಮಕ್ಕಳು ಡೈರಿಗೆ ಹಾಕಿಕೊಳ್ಳುವಂಥದ್ದು, ಗುಲಾಬಿ ಬಣ್ಣದ್ದು. ಅವರ ಶಾಲುಗಳನ್ನು ಯಾರೋ ಅಚ್ಚುಕಟ್ಟಾಗಿ ಮಡಿಸಿ ಮೇಲಿನ ಹಲಗೆಗೆ ಏರಿಸಿದ್ದರು.

ಅನಿಕಾ ಶಾಲೆಯಿಂದ ಬಂದಳು. ಆಗಲೂ ಗರಾಜಿನ ಬಾಗಿಲಿಂದಲೇ ಬಂದಳು. ಮೂರು ವಾರದಿಂದ ಹಾಗೆಯೇ. ಮುಂಬಾಗಿಲಿಗೆ ಬರಬೇಕಾದರೆ ಮೇಪಲ್ ಮರದ ಕೆಳಗೆ ಹಾಯಬೇಕು.

"ಪುಟ್ಟೀ, ಆ ನೀಲಿ ಪೆಟ್ಟಿಗೆ ಬೀಗದ ಕೈ ಎಲ್ಲಿದೆಯಮ್ಮ?"

ಮಗುವಿನ ಮುಖ ಇಳಿಯಿತು. "ಅಜ್ಜಿ, ಪ್ಲೀಸ್. ಡೋಂಟ್ ಓಪನ್ ಇಟ್."

"ಅದರೊಳಗೆ ಏನಿದೆ?"

"ನಥಿಂಗ್."

"ನಥಿಂಗಿಗೆ ಯಾರಾದರೂ ಬೀಗ ಹಾಕ್ತಾರಾ?"

ಅನಿಕಾ ಒಂಬತ್ತು ವರ್ಷದ ಹುಡುಗಿ. ಬೆನ್ನಿನ ಚೀಲವನ್ನೂ ಇಳಿಸಿರಲಿಲ್ಲ. ಆಮೇಲೆ ಚೀಲದ ಒಳಜೇಬಿನಿಂದ ಕೀಲಿ ತೆಗೆದು ಕೊಟ್ಟು, ತಾನು ಬಾಗಿಲ ಹೊರಗೆ ಹೋಗಿ ಗೋಡೆಯ ಮರೆಗೆ ನಿಂತಳು.

ಸೂಟ್‌ಕೇಸಿನಲ್ಲಿ ಮೂರು ಪಂಚೆ. ಗಂಜಿಯ ಬಿಗಿ ಇನ್ನೂ ಹೋಗಿರಲಿಲ್ಲ. ಒಂದೊಂದರ ತಲೆಯಲ್ಲೂ ಆ ನ್ಯೂಸ್‌ಪೇಪರಿನ ಉಂಡೆ ಹಾಗೆಯೇ ಇತ್ತು, ಕತ್ತಿಗೆ ರಾಯರು ಹಾಕಿದ ಗಂಟು ಹಾಗೆಯೇ ಇತ್ತು. ಮೂರನ್ನೂ ಮಗು ತಾನು ಚಿಕ್ಕವಳಿದ್ದಾಗ ಹೊದೆಯುತ್ತಿದ್ದ ಹಳದಿ ಕಂಬಳಿಯಲ್ಲಿ ಸುತ್ತಿ ಮಲಗಿಸಿತ್ತು.

ನಿರುಪಮಮ್ಮ ನೆಲದ ಮೇಲೆ ಕುಳಿತರು. "ಇದನ್ನ ಯಾಕಮ್ಮ ಮುಚ್ಚಿಟ್ಟೆ? ತಾತನ ನೆನಪಿಗಾ?"

"ನೋ." ಗೋಡೆಯ ಆಚೆಯಿಂದ ಧ್ವನಿ ಬಂತು. "ಡ್ಯಾಡಿ ತಾತನ ಬಟ್ಟೆ ಎಲ್ಲಾ ಬ್ಯಾಗಿಗೆ ಹಾಕ್ತಿದ್ರು, ಡೊನೇಟ್ ಮಾಡಕ್ಕೆ. ಅವಾಗ ತಗೊಂಡೆ. ಹೊರಗೆ ಬಿಟ್ರೆ ಇನ್ನೊಬ್ರನ್ನ ಕರ್ಕೊಂಡು ಹೋಗತ್ತೆ."

"ಯಾರು ಹೇಳಿದ್ದು ಹಾಗೆ?"

"ನೀನೇ ಹೇಳಿದ್ದು."

ನಿರುಪಮಮ್ಮ ಕಂಬಳಿಯ ಅಂಚನ್ನು ಹಿಡಿದುಕೊಂಡರು.

"ನೀನು ಕೇಳಿದ್ಯಲ್ಲ, ಯಾರ ಸಾವು ಬೇಕು ಅಂತ. ನಂಗೆ ಭಯ ಆಯ್ತು. ಅದಕ್ಕೇ ಐ ಸೆಡ್ ಇಟ್ ಇನ್ ಮೈ ಹೆಡ್. ನಾಟ್ ಮಮ್ಮಿ. ನಾಟ್ ಡ್ಯಾಡಿ. ನಾಟ್ ಅಜ್ಜಿ. ನಾಟ್ ಮೀ." ಗೋಡೆಯ ಮರೆಯಿಂದ ಅರ್ಧ ಮುಖ ಕಂಡಿತು. "ತಾತನ ಹೆಸರು ಹೇಳ್ಲಿಲ್ಲ."

"ಯಾಕೆ ಹೇಳಲಿಲ್ಲ ಕಂದ?"

"ತಾತ ಅಲ್ಲೇ ಇದ್ರು. ಹಗ್ಗ ಹಿಡ್ಕೊಂಡು. ಐ ಜಸ್ಟ್ ಫರ್ಗಾಟ್."

ತಮ್ಮ ನಾಲಗೆಯಿಂದ ಉರುಳಿದ ಒಂದು ಮಾತು ಎಲ್ಲಿ ಹೋಗಿ ಬಿದ್ದಿತ್ತೆಂಬುದು ನಿರುಪಮಮ್ಮನಿಗೆ ಆಗ ತಿಳಿಯಿತು. ಹತ್ತು ತಿಂಗಳು ಅವರು ತಮ್ಮ ಪಾಪವನ್ನೇ ನೋಡಿಕೊಂಡು, ದಿನಕ್ಕೆ ನೂರೆಂಟು ಬಾರಿ ಅಷ್ಟಾಕ್ಷರಿ ಹೇಳಿಕೊಂಡು ಕುಳಿತಿದ್ದರು. ಪಕ್ಕದ ಕೋಣೆಯಲ್ಲಿ ಒಂದು ಮಗು ಅದೇ ಪಾಪವನ್ನು ಬೀಗ ಹಾಕಿ ಇಟ್ಟುಕೊಂಡು ಕಾಯುತ್ತಿತ್ತು. ಹಬ್ಬ ಬೇಡವೆಂದು ಅದು ಹೇಳಿದಾಗ, ಸದ್ಯ, ಕೇಳುವ ಕಾಟ ತಪ್ಪಿತು ಎಂದು ಇವರು ಸಮಾಧಾನಪಟ್ಟಿದ್ದರು.

ಎದ್ದು ಹೋಗಿ ಮಗುವನ್ನು ತಬ್ಬಿಕೊಂಡರು. "ಹಾಗೆಲ್ಲ ಏನೂ ಇಲ್ಲ" ಎನ್ನಲು ಬಾಯಿ ತೆರೆದರು. ಹಾಗೆಲ್ಲ ಏನೂ ಇಲ್ಲವೆಂದು ಅವರೇ ನಂಬಿರಲಿಲ್ಲ. ತಾತನ ಸಾವಿನ ವಿಷಯದಲ್ಲಿ ಈ ಮಗುವಿಗೆ ಇನ್ನೊಂದು ಸುಳ್ಳು ಹೇಳುವ ಧೈರ್ಯ ಅವರಿಗಿರಲಿಲ್ಲ.

*

ಮರುದಿನ ಬೆಳಿಗ್ಗೆ ದೇವಸ್ಥಾನದ ಆಚಾರ್ಯರಿಗೆ ಫೋನು ಮಾಡಿದರು. ಪ್ರತಿ ತಿಂಗಳು ರಾಯರ ಮಾಸಿಕ ಮಾಡಿಸುವವರು ಅವರೇ. ಮಧ್ಯವಯಸ್ಸಿನ ಮನುಷ್ಯ, ಸ್ವಲ್ಪ ಹಾಸ್ಯದ ಸ್ವಭಾವ.

"ಆಚಾರ್ಯರೇ, ವರ್ಷದೊಳಗೆ ಮನೆ ಮುಂದೆ ಹ್ಯಾಲೋವೀನ್ ಅಲಂಕಾರ ಮಾಡಬಹುದಾ?"

"ಹಬ್ಬ ಮಾಡಬಾರದಮ್ಮ. ಆದರೆ ಅದು ನಮ್ಮ ಹಬ್ಬವಲ್ಲ. ನಮ್ಮದಲ್ಲದ್ದಕ್ಕೆ ನಮ್ಮ ಶಾಸ್ತ್ರದಲ್ಲಿ ನಿಷೇಧ ಎಲ್ಲಿಂದ ಹುಡುಕಲಿ? ನಮ್ಮ ಮನೇಲೇ ಹುಡುಗರು ಒಂದು ಅಸ್ಥಿಪಂಜರಕ್ಕೆ ನಾಮ ಹಚ್ಚಿ ಕೂರಿಸಿದ್ದಾರೆ. ಬೈದೆ, ಅಳಿಸಿದ್ದಾರೆ."

"ಇನ್ನೊಂದು ಕೇಳಬೇಕು. ಅಸ್ತು ದೇವತೆಗಳು..." ಎಂದು ನಿರುಪಮಮ್ಮ ತಡೆದರು. "ಅವರಿಗೆ ಮನಸ್ಸಿನಲ್ಲಿ ಅಂದುಕೊಂಡದ್ದು ಕೇಳಿಸುತ್ತದಾ?"

"ಇದು ದೊಡ್ಡವರು ಹೇಳಿಕೊಂಡು ಬಂದದ್ದಮ್ಮ, ನಾನು ಗ್ರಂಥ ನೋಡಿ ಹೇಳ್ತಾ ಇಲ್ಲ. ನಾನು ಕೇಳಿರೋದು, ಬಾಯಿಂದ ಆಡಿದ್ದಕ್ಕೆ ಮಾತ್ರ ಅಂತ. ಮನಸ್ಸನ್ನ ನೋಡೋನು ಭಗವಂತ ಒಬ್ಬನೇ. ಅವನಿಗೆ ಎಲ್ಲದರ ಹಿನ್ನೆಲೆ ಗೊತ್ತಿರತ್ತೆ. ಯಾಕಮ್ಮ ಕೇಳಿದ್ರಿ?"

"ಸುಮ್ಮನೆ," ಎಂದು ಫೋನು ಇಟ್ಟರು.

ಆ ಉತ್ತರ ಅವರಿಗೆ ಮೊದಲೇ ಗೊತ್ತಿತ್ತು. ತಾಯಿ ಹೇಳಿದ್ದೂ ಅದೇ. ಅದನ್ನು ಮಗುವಿಗೆ ಹೇಳಿದರೆ ಮಗುವಿನ ಕುತ್ತಿಗೆಯ ಗಂಟು ಬಿಚ್ಚುತ್ತದೆ. ಬಿಚ್ಚಿದ ಹಗ್ಗ ಯಾರ ಕುತ್ತಿಗೆಗೆ ಬರುತ್ತದೆಂಬುದೂ ಗೊತ್ತಿತ್ತು. ಒಲೆಯ ಮೇಲೆ ಅನ್ನಕ್ಕೆ ನೀರು ಜಾಸ್ತಿ ಇಟ್ಟರು.

ಸಂಜೆ ಅನಿಕಾ ಬರುವ ಹೊತ್ತಿಗೆ ಅಡಿಗೆಮನೆಯ ತೊಟ್ಟಿಯಲ್ಲಿ ಮೂರು ಪಂಚೆಗಳೂ ನೆನೆಯುತ್ತಿದ್ದವು. ಪಾತ್ರೆಯಲ್ಲಿ ಬಸಿದ ಗಂಜಿ ಆರುತ್ತಿತ್ತು. ಮಗು ಬಾಗಿಲಲ್ಲೇ ನಿಂತಿತು.

"ಬಾ, ತುದಿ ಹಿಡಿ. ಒಬ್ಬಳಿಗೆ ಹಿಂಡೋಕಾಗಲ್ಲ."

"ಅಜ್ಜಿ, ನೀನು ಅದನ್ನ ಹೊರಗೆ ತೆಗೆದ್ಯಾ?"

"ತೆಗೆದೆ. ನೋಡು, ಇದು ನಿನ್ನ ತಾತನ ಪಂಚೆ. ಇದನ್ನ ಉಟ್ಟುಕೊಂಡು ಅವರು ನೀನು ಹುಟ್ಟಿದ ದಿವಸ ಆಸ್ಪತ್ರೆಗೆ ಹೋಗೋಕೆ ಹೊರಟಿದ್ದರು. ನಿಮ್ಮಪ್ಪ ಬೇಡ ಅಂತ ಪ್ಯಾಂಟು ಹಾಕಿಸಿದ."

ಅನಿಕಾ ಒಂದು ಬೆರಳಿನಿಂದ ಬಟ್ಟೆಯನ್ನು ಮುಟ್ಟಿ ನೋಡಿದಳು. ಆಮೇಲೆ ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ತಿರುಚಿದರು. ನೀರು ಸುರಿಯಿತು.

"ನಿನಗೊಂದು ವಿಷಯ ಹೇಳ್ತೀನಿ. ಇದನ್ನ ನಾನು ಯಾರಿಗೂ ಹೇಳಿಲ್ಲ. ಅವತ್ತು ನಾನು ಯಾಕೆ ಕೂಗಾಡಿದೆ ಗೊತ್ತಾ?"

"ಬಿಕಾಸ್ ವೈಟ್ ಕ್ಲಾತ್ ಈಸ್ ಬ್ಯಾಡ್ ಲಕ್."

"ಅಲ್ಲ. ನಿನ್ನ ತಾತ ನನ್ನನ್ನ ಕರೆದುಕೊಂಡು ಬರೋದು ಮರೆತಿದ್ದರು. ಒಂದು ಗಂಟೆಗೂ ಹೆಚ್ಚು ನಾನು ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದೆ. ಮನೆಗೆ ಬಂದರೆ ನೀವಿಬ್ಬರೂ ನಗ್ತಾ ಆಟ ಆಡ್ತಾ ಇದ್ದಿರಿ. ನನಗೆ ಹೊಟ್ಟೆ ಉರೀತು. ಅದನ್ನ ಹೇಳೋಕೆ ನಾಚಿಕೆ. ಅದಕ್ಕೆ ಬಿಳೀ ಬಟ್ಟೆ, ಮುಸ್ಸಂಜೆ, ಸಾವು ಅಂತ ದೊಡ್ಡ ದೊಡ್ಡ ಮಾತು ಆಡಿದೆ. ನನ್ನ ಸಿಟ್ಟಿಗೆ ದೇವರ ಹೆಸರಿನ ಅಂಗಿ ತೊಡಿಸಿದೆ."

ಅನಿಕಾ ಬಾಯಿ ತೆರೆದು ನೋಡಿದಳು. "ದಟ್ಸ್ ಇಟ್? ಕಾರ್ ತರಲಿಲ್ಲ ಅಂತ?"

"ಅಷ್ಟೇ."

"ದಟ್ಸ್ ಸೋ ಮೀನ್, ಅಜ್ಜಿ."

"ಹೌದು."

ಮಗು ಬಟ್ಟೆಯ ತುದಿಯನ್ನು ಬಿಡಲಿಲ್ಲ. ಕೇಳಿತು, "ಬಟ್ ಅಸ್ತು ದೇವತೆ? ನಾನು ತಾತನ ಹೆಸರು ಹೇಳ್ಲಿಲ್ವಲ್ಲ?"

"ನೀನು ಬಾಯಿಬಿಟ್ಟು ಏನಾದರೂ ಹೇಳಿದ್ಯಾ?"

"ಇಲ್ಲ. ಇನ್ ಮೈ ಹೆಡ್."

"ಅವರು ಬಾಯಿಂದ ಬಂದದ್ದನ್ನ ಮಾತ್ರ ಕೇಳೋದು. ತಲೇಲಿ ಇರೋದು ಅವರಿಗೆ ಕೇಳಿಸಲ್ಲ. ಯಾರ ಹೆಸರು ಹೇಳಿದೆ, ಯಾರದು ಬಿಟ್ಟೆ, ಒಂದೂ ಅವರ ಕಿವಿಗೆ ಬಿದ್ದಿಲ್ಲ. ಆಚಾರ್ಯರನ್ನೂ ಕೇಳಿದೀನಿ. ನಿನಗೂ ಅದಕ್ಕೂ ಸಂಬಂಧವೇ ಇಲ್ಲ ಪುಟ್ಟಿ. ಸ್ವಲ್ಪವೂ ಇಲ್ಲ."

ಅನಿಕಾಳ ಹೆಗಲು ಕೆಳಗಿಳಿದದ್ದು ಕಣ್ಣಿಗೆ ಕಂಡಿತು. ಹತ್ತು ತಿಂಗಳ ಬಿಗಿ ಅದು. ಆದರೆ ಅವಳು ಬುದ್ಧಿವಂತ ಹುಡುಗಿ, ಪ್ರಾಣೇಶರಾಯರ ಶಿಷ್ಯೆ. ಗೆರೆಯನ್ನು ಕೊನೆಯ ತನಕ ಎಳೆದು ನೋಡುವವಳು.

"ಹಾಗಾದ್ರೆ ನೀನು ಹೇಳಿದ್ದು ಕೇಳಿಸ್ತಾ? ನೀನು ಜೋರಾಗಿ ಹೇಳಿದ್ಯಲ್ಲ."

ಗಂಜಿಯ ಪಾತ್ರೆಯ ಮೇಲೆ ಕೆನೆ ಕಟ್ಟಿತ್ತು. ನಿರುಪಮಮ್ಮ ಅದನ್ನು ಚಮಚದಿಂದ ಸರಿಸಿದರು. ಈ ಪ್ರಶ್ನೆ ಬರುತ್ತದೆಂದು ಬೆಳಗಿನಿಂದ ಗೊತ್ತಿತ್ತು.

"ತಾತನ ಎದೆಯ ನರ ಹತ್ತು ವರ್ಷದಿಂದ ಕಟ್ಟಿಕೊಳ್ತಾ ಬಂದಿತ್ತು ಅಂತ ಡಾಕ್ಟರು ಹೇಳಿದರು. ನೀನು ಹುಟ್ಟೋಕ್ಕೂ ಮುಂಚಿನಿಂದ. ಅದು ನಿಜ. ನಾನು ಆಡಬಾರದ ಮಾತು ಆಡಿದೆ, ಅದೂ ನಿಜ. ಆ ಮಾತು ನನ್ನದು. ಅದಕ್ಕೆ ನಾನು ದೇವರಿಗೆ ಉತ್ತರ ಕೊಡ್ತೀನಿ, ನಿನ್ನ ತಾತನಿಗೂ ಕೊಡ್ತೀನಿ. ನೀನು ಅದರಲ್ಲಿ ಕೈ ಹಾಕಬೇಡ."

"ಓಕೆ," ಎಂದಳು ಅನಿಕಾ ಮೆಲ್ಲಗೆ. ಒದ್ದೆ ಕೈಯನ್ನು ಅಜ್ಜಿಯ ಸೊಂಟಕ್ಕೆ ಸುತ್ತಿದಳು. ಸೀರೆ ನೆನೆಯಿತು. "ನಾನು ಮಮ್ಮಿಗೆ ಹೇಳಬಹುದಾ?"

ಸೊಸೆಯ ಮುಖ, ಮಗನ ಮುಖ ನಿರುಪಮಮ್ಮನ ಕಣ್ಣ ಮುಂದೆ ಬಂದವು. ಅಪ್ಪನ್ನ ಅಮ್ಮ ನೋಡಿಕೊಂಡ ಹಾಗೆ ಎಂದು ಇನ್ನು ಮುಂದೆ ಯಾರು ಹೇಳುತ್ತಾರೆ?

"ನೀನು ಹೇಳಬೇಡ," ಎಂದರು. "ನಾನೇ ಹೇಳ್ತೀನಿ. ಹ್ಯಾಲೋವೀನ್ ದಿವಸ ಹೇಳ್ತೀನಿ. ಅಷ್ಟು ದಿವಸ ಟೈಮ್ ಕೊಡು."

*

ಆ ವರ್ಷ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ ಬಂದಿದ್ದವು. ಬೀದಿಯ ಇತರ ಮನೆಗಳಲ್ಲಿ ಬೆಳಿಗ್ಗೆ ಎಣ್ಣೆನೀರು, ಸಂಜೆ ಭೂತದ ವೇಷ. ನಿರುಪಮಮ್ಮನ ಮನೆಯಲ್ಲಿ ಎಣ್ಣೆ ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಅಜ್ಜಿ ಮೊಮ್ಮಗಳು ಏಣಿ ಹೊರಕ್ಕೆ ತಂದರು.

ಖರ್ಚು ಮಾಡಿದ್ದು ಮೂರು ಕುಂಬಳಕಾಯಿಗೆ ಮಾತ್ರ. ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲು ಕತ್ತಿ ಇಡಬಾರದು, ಗಂಡಸು ಇಟ್ಟುಕೊಡಬೇಕು. ಹೋದ ವರ್ಷದವರೆಗೂ ಅದು ರಾಯರ ಕೆಲಸವಾಗಿತ್ತು. ಹಾಗಾಗಿ ಕಣ್ಣು ಬಾಯಿ ಕೊರೆಯದೆ, ಒರೆಸಿ, ದೊಡ್ಡದು ನಡುವಿನದು ಚಿಕ್ಕದು ಎಂದು ಮೆಟ್ಟಿಲಿಗೊಂದರಂತೆ ಹಾಗೆಯೇ ಇಟ್ಟರು. ಅನಿಕಾ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ, ನಡುವಿನದನ್ನು ಒಂದು ಗೇಣು ಎಡಕ್ಕೆ ತಳ್ಳಿದಳು. ಒಂದು ಕಣ್ಣು ಮುಚ್ಚುವುದು ತಾತನಿಂದ ಬಂದದ್ದು.

ಪಂಚೆಗಳಿಗೆ ಹೊಸ ಗಂಜಿ ಬಿದ್ದಿತ್ತು. ಒಳಗಿನ ನ್ಯೂಸ್‌ಪೇಪರನ್ನು ಮಾತ್ರ ಬದಲಾಯಿಸಲಿಲ್ಲ. ಅದನ್ನು ಉಂಡೆ ಮಾಡಿದ್ದು ಆ ಕೈ. ಎಪ್ಪತ್ಮೂರರ ಹತ್ತಿರದ ಹೆಂಗಸು ಏಣಿ ಹತ್ತುವುದು ಕಂಡು ಮೂಲೆಮನೆಯ ವಿಜಿ ಓಡಿ ಬಂದಳು. ಮಾಟಗಾತಿಯ ಟೋಪಿ ಅವಳ ತಲೆಯ ಮೇಲೇ ಇತ್ತು.

"ಆಂಟಿ, ಇಳೀರಿ, ಇಳೀರಿ. ಸೊಂಟ ಮುರಿದ್ರೆ ನೀರಜ್‌ಗೆ ನಾನು ಉತ್ತರ ಹೇಳಬೇಕು." ತಾನೇ ಹತ್ತಿ ಗಂಟು ಹಾಕಿದಳು. ಮೂರೂ ಕಟ್ಟಿ ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇದೇ. ಹೋದ ವರ್ಷ ನೋಡಿದ್ದು ಇದನ್ನೇ. ಈ ಸಲ ಗಾಳಿ ಬರಲ್ಲ ತಾನೆ?"

"ಹೋದ ಸಲವೂ ಗಾಳಿ ಇರಲಿಲ್ಲ ವಿಜಿ," ಎಂದರು ನಿರುಪಮಮ್ಮ. "ನಾನು ಬೈದೆ, ಅವರು ತೆಗೆದರು. ನಿನಗೆ ಸುಳ್ಳು ಹೇಳಿದೆ."

ವಿಜಿ ಟೋಪಿ ಸರಿ ಮಾಡಿಕೊಂಡಳು. "ಗಂಡಂದಿರನ್ನ ಬೈಯದೆ ಇನ್ಯಾರನ್ನ ಬೈಯೋದು ಆಂಟಿ," ಎಂದು ಹೇಳಿ, ಒಂದು ಸಲ ಅವರ ಮೊಣಕೈ ಒತ್ತಿ ಹೋದಳು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ನಿರುಪಮಮ್ಮನ ಭಾರ ಅದರಿಂದ ಇಳಿಯಲಿಲ್ಲ.

ಸಂಜೆಯಾಯಿತು. ಮಕ್ಕಳು ಗುಂಪುಗುಂಪಾಗಿ ಬಂದರು. ಅನಿಕಾ ಅಂಗಡಿಯ ವೇಷ ಹಾಕಿರಲಿಲ್ಲ. ತಾತನ ಹಳೇ ಕನ್ನಡಕ ಹಾಕಿಕೊಂಡು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ತಾನು ಡ್ರಾಯಿಂಗ್ ಮೇಷ್ಟರು ಎಂದು ಎಲ್ಲರಿಗೂ ಹೇಳುತ್ತ ಚಾಕೊಲೇಟ್ ಹಂಚಿದಳು. ಆಮೇಲೆ ವಿಜಿಯ ಮಕ್ಕಳ ಜೊತೆ ಹೊರಟಳು. ಮುಂಬಾಗಿಲಿಂದ ಇಳಿದು, ಮೇಪಲ್ ಮರದ ಕೆಳಗೆ ಹಾಯ್ದು, ಹಿಂತಿರುಗಿ ನೋಡದೆ ಓಡಿದಳು.

ನಿರುಪಮಮ್ಮ ಮೆಟ್ಟಿಲ ಮೇಲೆ ಚಿಕ್ಕ ಕುಂಬಳಕಾಯಿಯ ಪಕ್ಕದಲ್ಲಿ ಕುಳಿತರು. ಬುಡದ ಟಾರ್ಚು ಹತ್ತಿಕೊಂಡಿತ್ತು. ಮೂರು ಪಂಚೆಗಳೂ ಬೆಳಕಿನಲ್ಲಿ ತೇಲುತ್ತಿದ್ದವು. ವಿಜಿ ನಡುವಿನ ಗಂಟನ್ನು ಸ್ವಲ್ಪ ಓರೆ ಹಾಕಿದ್ದಳು. ರಾಯರಿದ್ದಿದ್ದರೆ ಇಳಿಸಿ ಮತ್ತೆ ಕಟ್ಟುತ್ತಿದ್ದರು. ಹೋದ ವರ್ಷ ಇದನ್ನು ಒಂದು ನಿಮಿಷವಾದರೂ ನಿಂತು ನೋಡಿದ್ದರೆ, ಚೆನ್ನಾಗಿದೆ ಎಂದು ಒಂದು ಮಾತು ಅಂದಿದ್ದರೆ ಏನು ಹೋಗುತ್ತಿತ್ತು? ದೀಪ ಹಚ್ಚುವ ಹೊತ್ತೇ ಆಗಿತ್ತಲ್ಲ, ಅದಕ್ಕೂ ಅಸ್ತು ಎನ್ನುವವರು ಇದ್ದರಲ್ಲ.

"ಚೆನ್ನಾಗಿದೆ ರೀ," ಎಂದರು, ಮರದ ಕಡೆ ನೋಡುತ್ತ, ಬಾಯಿಬಿಟ್ಟು. ಅದು ಯಾರಿಗೂ ಮುಟ್ಟಿತೆಂದು ಅವರಿಗೆ ಅನ್ನಿಸಲಿಲ್ಲ.

ಸ್ಟೇಷನ್ನಿನಿಂದ ಬಂದ ನಂದಿತಾಳ ಕಾರು ಅಂಗಳದ ಅಂಚಿನಲ್ಲೇ ನಿಂತಿತು. ಹಬ್ಬದ ಸಂಜೆ ಮಗಳು ಮೂಲೆ ಹಿಡಿದು ಕೂರಬಾರದೆಂದು ಅವಳು ಆಫೀಸಿನಿಂದ ಬೇಗ ಹೊರಟಿದ್ದಳು. ಕಾರಿನ ಬಾಗಿಲು ಹಿಡಿದುಕೊಂಡೇ ಮರವನ್ನು ನೋಡಿದಳು. ಹತ್ತಿರ ಬಂದಾಗ ಕಣ್ಣು ತುಂಬಿತ್ತು.

"ಅಮ್ಮ, ಅಪ್ಪನ ಪಂಚೆ ಅಲ್ವಾ? ಅನಿ ಎಲ್ಲಿ? ಅವಳು ಒಪ್ಪಿದಳಾ? ಏನು ಮಾಡಿದ್ರಿ ನೀವು? ನಾನು ಎಷ್ಟು ತಿಂಗಳಿಂದ ಕೇಳ್ತಿದೀನಿ, ಬಾಯೇ ಬಿಟ್ಟಿರಲಿಲ್ಲ." ಚೀಲವನ್ನು ಮೆಟ್ಟಿಲ ಮೇಲಿಟ್ಟು ಅತ್ತೆಯ ಕೈ ಹಿಡಿದಳು. "ನೀವು ಇಲ್ಲದಿದ್ರೆ ಈ ಮನೆ ಏನಾಗ್ತಿತ್ತೋ."

ನಿರುಪಮಮ್ಮ ಈ ಸಲ ತಲೆ ಬಗ್ಗಿಸಲಿಲ್ಲ. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಪಕ್ಕದ ಮೆಟ್ಟಿಲಿನ ಎಲೆಗಳನ್ನು ಸರಿಸಿ ಜಾಗ ಮಾಡಿದರು.

"ಕೂತುಕೋ ನಂದಿತಾ," ಎಂದರು. "ನೀರಜ ಬಂದ ಮೇಲೆ ಅವನಿಗೂ ಹೇಳಬೇಕು. ಮೊದಲು ನಿನಗೆ ಹೇಳ್ತೀನಿ. ಹೋದ ವರ್ಷ ಇದೇ ಮರದ ಕೆಳಗೆ, ಇದೇ ಹೊತ್ತಿಗೆ, ನಾನು ನಿಮ್ಮಪ್ಪನಿಗೆ ಒಂದು ಮಾತು ಅಂದೆ."